‘ಯಾಕ ಇಷ್ಟು?’ ಎಂದು ಕೇಳುವವರಿಗೆ

ಧಾರವಾಡದಲ್ಲಿ ಕೈಹೆಣಿಗೆಯ ನೂಲನ್ನಷ್ಟೇ ಮಾರುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿರುವ ನನಗೆ ವಾರಕ್ಕೆರಡು ಸಲವಾದರೂ ಎದುರಾಗುವ ಮಾತು ಇದು: “ಅಲ್ರೀ ಅಕ್ಕಾರ, ಪ್ಯಾಟಿಯೊಳಗ ಇದರ ಅರ್ಧಾ ರೇಟಿಗೆ ಉಲ್ಲನ್ ಸಿಗತದ, ನಿಮ್ಮಲ್ಲಿ ಯಾಕ ಇಷ್ಟು?”

ನಾನು ಉತ್ತರ ಹೇಳುವ ಮೊದಲು ಪ್ಯಾಟಿಯದು, ನನ್ನದು, ಎರಡೂ ಬಗೆಯ ನೂಲಿನಿಂದ ಗೇಣುದ್ದದ ಎಳೆಗಳನ್ನು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಡುತ್ತೇನೆ. ಕುರಿಯ ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತ ನಿಧಾನವಾಗಿ ಉರಿಯುತ್ತದೆ, ಬೆಂಕಿಯನ್ನು ಆಚೆ ಸರಿಸಿದರೆ ತಾನಾಗಿ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಇನ್ನೊಂದು ಎಳೆ ಕರಗಿ, ತೊಟ್ಟಿಕ್ಕಿ, ತಟ್ಟೆಯ ಮೇಲೆ ಕರಿಯ ಗಟ್ಟಿ ಮಣಿಯಾಗಿ ಕೂರುತ್ತದೆ. ಅದು ಅಕ್ರಿಲಿಕ್. 1950ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಆರ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ, ಪೆಟ್ರೋಲಿಯಂ ಮೂಲದ ಎಳೆಯ ಸಂತತಿ ಅದು. ನಮ್ಮಲ್ಲಿ ಹೆಣಿಗೆಗೆ ಬರುವ ನೂಲೆಲ್ಲವನ್ನೂ ‘ಉಲ್ಲನ್’ ಎಂದೇ ಕರೆಯುವ ರೂಢಿಯಿರುವುದರಿಂದ ಕೊಳ್ಳುವವರಿಗೆ ಈ ವ್ಯತ್ಯಾಸ ತಿಳಿಯುವ ಅವಕಾಶವೇ ಇಲ್ಲವಾಗಿದೆ.

ಅಕ್ರಿಲಿಕ್ ಬಗ್ಗೆ ನನಗೆ ದ್ವೇಷವಿಲ್ಲ. ಅದು ಅಗ್ಗ, ಮಷಿನ್ನಿಗೆ ಹಾಕಿ ಒಗೆಯಬಹುದು, ನುಸಿ ತಿನ್ನುವುದಿಲ್ಲ. ನನ್ನ ಅಂಗಡಿಯಲ್ಲೂ ಒಂದು ಕಪಾಟು ತುಂಬ ಇದೆ, ಅದರ ನಿಜವಾದ ಹೆಸರಿನಲ್ಲಿಯೇ ಇದೆ. ಆದರೆ ನಮ್ಮ ಕಡೆ ಇಂದಿಗೂ ಕೈಹೆಣಿಗೆ ಹೆಚ್ಚಾಗಿ ಉಳಿದಿರುವುದು ಕೂಸಿಗಾಗಿ. ಮೊಮ್ಮಗು ಹುಟ್ಟುತ್ತದೆಂದರೆ ಅಜ್ಜಿ ಕುಲಾವಿ, ಅಂಗಿ, ಕಾಲುಚೀಲ ಹೆಣೆಯಲು ಕೂರುತ್ತಾಳೆ. ಅದೇ ಕೂಸಿಗೆ ಎರೆದ ಮೇಲೆ ನಾವು ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುತ್ತೇವೆ. ಒಂದು ಕಿಡಿ ಸಿಡಿದರೆ ಕರಗಿ ಚರ್ಮಕ್ಕೆ ಅಂಟುವ ನೂಲನ್ನು ಉಣ್ಣೆಯೆಂದು ನಂಬಿಸಿ ಆ ಅಜ್ಜಿಯ ಕೈಗೆ ಕೊಡುವುದನ್ನು ನಾನು ವ್ಯಾಪಾರವೆಂದು ಒಪ್ಪಲಾರೆ.

ಉಣ್ಣೆಯ ಗುಣ ಬೆಂಕಿಯೊಂದರಲ್ಲೇ ಇಲ್ಲ. ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಅದು ಮುಟ್ಟಲು ಒದ್ದೆಯೆನಿಸದು. ನಮ್ಮ ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಇದಕ್ಕಿಂತ ಒಳ್ಳೆಯ ಉಡುಪನ್ನು ನಾನು ಕಂಡಿಲ್ಲ. ಆದರೆ ಅದರ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುವುದರಿಂದ ಬಿಸಿನೀರಿನಲ್ಲಿ ತಿಕ್ಕಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಬೇಕೆಂದು ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತೇನೆ.

ಕಂಬಳಿಯ ನಾಡಿನಲ್ಲಿದ್ದುಕೊಂಡು ಹೊರಗಿನ ಉಣ್ಣೆಯೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಚಳ್ಳಕೆರೆ, ರಾಣೇಬೆನ್ನೂರು ಕಡೆಯ ಕುರುಬರ ಮನೆಗಳಲ್ಲಿ ಹೆಂಗಸರು ನೂತ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆ, ಚಳಿ ಎರಡನ್ನೂ ತಡೆಯುತ್ತದೆ. ಆದರೆ ಈ ಕಡೆಯ ದಖನಿ ಕುರಿಯ ತುಪ್ಪಟದ ಎಳೆ, ನಯವಾದ ಉಣ್ಣೆಗೆ ಹೆಸರಾದ ಹೊರಗಿನ ಮೆರಿನೊ ಕುರಿಯ ಎಳೆಗಿಂತ ಎರಡು ಪಟ್ಟಾದರೂ ದಪ್ಪ; ಕೂಸಿನ ಕುತ್ತಿಗೆಗೆ ಅದು ಚುಚ್ಚುತ್ತದೆ. ಕುರಿಯನ್ನು ಮಾಂಸಕ್ಕಾಗಿಯೇ ಸಾಕುವುದು ಹೆಚ್ಚಾದಂತೆ ತುಪ್ಪಟಕ್ಕೆ ಬೆಲೆಯೂ ಇಲ್ಲವಾಯಿತು. ಆ ಕರಿಯ ನೂಲಿನಲ್ಲಿ ಚೀಲ ಮತ್ತು ಕೂರುವ ಆಸನಗಳನ್ನು ದಪ್ಪ ಕಡ್ಡಿಯಿಂದ ಹೆಣೆದು ನೋಡಿದ್ದೇನೆ; ಬಣ್ಣ ಹಾಕದ ಆ ಕಪ್ಪಿನ ಚೆಲುವು ಯಾವ ಬಣ್ಣದ ಡಬ್ಬಿಯಲ್ಲೂ ಇಲ್ಲ. ಅದನ್ನು ನೂಲುವವರಿಗೆ ಕೇಳಿದಷ್ಟು ಕೊಟ್ಟು ತರುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಬೆಲೆಯೊಳಗೆ ಇನ್ನೂ ಒಂದು ಸಂಗತಿ ಅಡಗಿದೆ. ಅಂಗಡಿ ತೆರೆದ ಹೊಸದರಲ್ಲಿ ಸಗಟು ವ್ಯಾಪಾರಿಯೊಬ್ಬರು ಒಂದೇ ಬಣ್ಣದ ನೂಲನ್ನು ಎರಡು ಬೇರೆ ಬೇರೆ ಲಾಟಿನಿಂದ, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ ಕಂತಿನಿಂದ, ಕಳಿಸಿ, ಒಂದೇ ಎಂದು ಬಿಲ್ಲು ಬರೆದಿದ್ದರು. ನಾನೂ ಪರೀಕ್ಷಿಸದೆ ಮಾರಿಬಿಟ್ಟೆ. ಆ ಗಿರಾಕಿ ಇಪ್ಪತ್ತು ದಿನ ಹೆಣೆದ ಸ್ವೆಟರನ್ನು ತಂದು ಬಿಸಿಲಿಗೆ ಹಿಡಿದಾಗ ಎಡ ತೋಳು ಒಂದು ಛಾಯೆ ತಿಳಿಯಾಗಿತ್ತು. ನೂಲಿನ ಹಣ ಮರಳಿಸಿದೆ. ಇಪ್ಪತ್ತು ಸಂಜೆಗಳನ್ನು ಮರಳಿಸುವುದು ಸಾಧ್ಯವಿರಲಿಲ್ಲ. ಅಂದಿನಿಂದ ಪ್ರತಿ ಲಡಿಯನ್ನೂ ಬಾಗಿಲ ಬೆಳಕಿಗೆ ಹಿಡಿದು ಹೋಲಿಸಿ, ಲಾಟಿನ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದೇ ಇಡುತ್ತೇನೆ.

ಹೊಸ ನೂಲು ಬಂದಾಗ 10 ಸೆಂಟಿಮೀಟರಿನ ಮಾದರಿ ಚೌಕವನ್ನು ಹೆಣೆದು, ತೊಳೆದು, ಹೊಲಿಗೆ, ಅಂದರೆ ಸಾಲಿನಲ್ಲಿರುವ ಕುಣಿಕೆಗಳನ್ನು, ಎಣಿಸುವುದೂ ನನ್ನದೇ ಕೆಲಸ. ಇದು ಅತಿಯಾಯಿತು ಎನ್ನುವವರಿದ್ದಾರೆ. 90 ಸೆಂಟಿಮೀಟರ್ ಸುತ್ತಳತೆಗೆಂದು, 10 ಸೆಂಟಿಮೀಟರಿಗೆ 22 ಹೊಲಿಗೆಯ ಲೆಕ್ಕದಲ್ಲಿ 198 ಹೊಲಿಗೆ ಹಾಕಿದವರ ಕೈ ಸಡಿಲವಾಗಿ 20 ಹೊಲಿಗೆಯೇ ಬಂದರೆ ಸ್ವೆಟರಿನ ಸುತ್ತಳತೆ 99 ಸೆಂಟಿಮೀಟರಾಗುತ್ತದೆ. ಬಿಚ್ಚಿ ಮತ್ತೆ ಹೆಣೆಯುವ ಸಂಕಟ ಹೆಣೆದವರಿಗೇ ಗೊತ್ತು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಣಿಗೆ ಇಂದು ಜಗತ್ಪ್ರಸಿದ್ಧ. ಅಲ್ಲಿನ ಹೆಂಗಸರಿಗೆ ವ್ಯಾಪಾರಿಗಳು ಒಂದು ಕಾಲದಲ್ಲಿ ಹಣದ ಬದಲು ಚಹಾಪುಡಿ, ಬಟ್ಟೆಯನ್ನೇ ಕೊಡುತ್ತಿದ್ದರೆಂಬುದು 1872ರ ಸರ್ಕಾರಿ ವಿಚಾರಣೆಯಲ್ಲಿ ದಾಖಲಾಗಿದೆ. ನನಗಾಗಿ ಕುಲಾವಿ ಹೆಣೆದುಕೊಡುವ ನಾಲ್ವರು ಹೆಂಗಸರಿಗೆ ಕೂಲಿಯ ಬದಲು ಉಳಿದ ನೂಲನ್ನು ಕೊಟ್ಟು ಮುಗಿಸಿರೆಂದು ಸಲಹೆ ಕೊಟ್ಟವರಿಗೆ ನಾನು ಈ ಸಂಗತಿಯನ್ನೇ ಹೇಳಿದೆ. ಅವರಿಗೆ ಕೆಲಸ ಒಪ್ಪಿಸಿದ ದಿನವೇ ರೊಕ್ಕ ಸಲ್ಲುತ್ತದೆ.

ಮೊನ್ನೆ ತಟ್ಟೆಯ ಮೇಲಿನ ಕರಿಮಣಿಯನ್ನು ಉಗುರಿನಿಂದ ಕೆರೆದು ನೋಡಿದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕುಲಾವಿಗಷ್ಟ ಕುರಿದು ಕೊಡ್ರಿ, ಹೊದಿಯೂದಕ್ಕ ಇದ ಇರಲಿ” ಎಂದರು. 50 ಗ್ರಾಮಿನ ಒಂದು ಉಂಡೆಯನ್ನು ತೂಗಿ, ಲಾಟಿನ ಸಂಖ್ಯೆ ಬರೆದು ಕೊಟ್ಟೆ.