ಹಿಂದುಳಿದಿದ್ದೇವೆ, ಸರ್ಟಿಫಿಕೇಟ್ ಇದೆ

2024ರ ಅರ್ಥಶಾಸ್ತ್ರದ ನೊಬೆಲ್ ಮೂವರಿಗೆ ಬಂತು: ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್. ಒಂದು ನಾಡು ಸಿರಿವಂತ ಆಗೋದೂ ಬಡವಾಗೇ ಉಳಿಯೋದೂ ಅಲ್ಲಿನ ಕಾಯ್ದೆ, ಕಚೇರಿ, ಆಳುವ ರೀತಿ ಹೇಗಿದೆ ಅನ್ನೋದರ ಮೇಲೆ, ಕೆಟ್ಟದ್ದು ಒಮ್ಮೆ ಬೇರುಬಿಟ್ಟರೆ ತಲೆಮಾರುಗಟ್ಟಲೆ ಬಿಡೋದಿಲ್ಲ ಅಂತ ಅವರ ವಾದ. ಪಾಪ, ಇದಕ್ಕಾಗಿ ನೂರಾರು ವರ್ಷ ಹಳೆಯ ವಸಾಹತುಗಳ ದಾಖಲೆ ಕೆದಕಿದ್ದಾರೆ. ಸುಮ್ನೆ ಕಲಬುರಗಿಗೆ ಬಂದು ಯಾವುದಾದರೂ ಕಚೇರಿ ಮುಂದೆ ಒಂದು ಮಧ್ಯಾಹ್ನ ಕೂತಿದ್ದರೆ ಸಾಕಿತ್ತು.

ನಮ್ಮದು ಹೈದರಾಬಾದ್ ನಿಜಾಮನ ಕಾಲದ ಜಾಗೀರುಗಳಿಂದ ಬಂದ ಕಥೆ. ದೇಶಕ್ಕೆ 1947ರಲ್ಲಿ ಸಿಕ್ಕ ಸ್ವಾತಂತ್ರ್ಯ ನಮಗೆ ತಲುಪಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಫೈಲ್ ತಡ ಆಗೋದು ಅಲ್ಲಿಂದಲೇ ಶುರುವಾಗಿರಬೇಕು.

ಆಮೇಲೆ ಪರಿಹಾರದ ಮಳೆ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ಕಡೆಯವೇ ಅಂತ 2002ರಲ್ಲಿ ನಂಜುಂಡಪ್ಪ ಸಮಿತಿ ಹೇಳಿತು. 2012ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ನಮ್ಮ ಸೀಮೆಯವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡೋಕೆ 371 ಜೆ ವಿಧಿ ಸೇರಿಸಿದರು. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ಬೋರ್ಡ್ ಬರೆಯೋ ಪೇಂಟರ್‌ಗಳು ಅಭಿವೃದ್ಧಿ ಆಗಿದ್ದಾರೆ, ಇಲ್ಲ ಅನ್ನಬಾರದು.

371 ಜೆ ಒಳ್ಳೆಯದೇ. ಎಷ್ಟೋ ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕಿದ್ದು ಅದರಿಂದಲೇ. ಆದರೆ ನೀವು ಈ ಹಿಂದುಳಿದ ಸೀಮೆಯವರೇ ಅನ್ನೋದಕ್ಕೆ ಅರ್ಹತಾ ಪ್ರಮಾಣ ಪತ್ರ ಬೇಕಲ್ಲ. ಅಡ್ಮಿಷನ್ ಟೈಮಲ್ಲಿ ಹೋಗಿ ನೋಡಿ. ಝೆರಾಕ್ಸ್ ಅಂಗಡಿ ಮುಂದೆ ಒಂದು ಸಾಲು, ಕಿಟಕಿ ಮುಂದೆ ಇನ್ನೊಂದು, ಮಗಳ ಶಾಲೆಯ ದಾಖಲೆ, ರೇಷನ್ ಕಾರ್ಡ್ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಎದೆಗೊತ್ತಿ ನಿಂತ ಅಪ್ಪಂದಿರು.

"ಸರ್ವರ್ ಇಲ್ರಿ ಕಾಕಾ, ನಾಳಿಗಿ ಬರ್ರಿ."

"ನಾಳಿ ರಜಾ ಅದಲ್ರೀ?"

"ಹಂಗಾದ್ರ ನಾಡದ ಬರ್ರಿ."

ಹಿಂದುಳಿದಿದ್ದೀವಿ ಅಂತ ಸಾಬೀತು ಮಾಡೋಕೇ ಇಷ್ಟು ಓಡಾಟ. ಮುಂದುವರಿಯೋಕೆ ಯಾರಿಗೆ ಟೈಮಿದೆ? ಪತ್ರ ಕೈಗೆ ಬಂದರೂ ಮೀಸಲಾದ ಹುದ್ದೆಗಳು ತುಂಬಬೇಕಲ್ವಾ, ಅವು ಖಾಲಿ ಇರೋದರಲ್ಲೇ ಪರ್ಮನೆಂಟ್ ಆಗಿವೆ.

ನಂಜುಂಡಪ್ಪ ವರದಿ ಏನಾಯಿತು, ಅಸಮತೋಲನ ಎಷ್ಟು ಉಳಿದಿದೆ ಅಂತ ನೋಡೋಕೆ 2024ರಲ್ಲಿ ಗೋವಿಂದ ರಾವ್ ಸಮಿತಿ ಮಾಡಿದರು. ಈ ವರದಿ ಏನಾಯಿತು ಅಂತ ನೋಡೋಕೆ ಮುಂದೆ ಬರೋ ಸಮಿತಿಯವರಿಗೆ ಈಗಲೇ ಹೇಳಿಬಿಡ್ತೀನಿ: ಬರುವಾಗ ಆಧಾರ್ ಝೆರಾಕ್ಸ್ ಎರಡು ಪ್ರತಿ, ಪಾಸ್‌ಪೋರ್ಟ್ ಸೈಜ್ ಫೋಟೋ ತನ್ನಿ. ಕೇಳ್ತಾರೆ.