ಪಂಪ್ ಇಳಿಸೋಕೆ ಮೊದಲು ಡೀಸೆಲ್ ಲೈನ್ ನೋಡ್ರಪ್ಪಾ!

ಹಳೇ ಲಾರಿ ಮಿಸ್ಸಿಂಗ್ ಹೊಡೀತಿದೆ (ಎಂಜಿನ್ ಏಟು ತಪ್ತಿದೆ), ಏರಿನಲ್ಲಿ ಎಳೀತಿಲ್ಲ ಅಂತ ಗ್ಯಾರೇಜಿಗೆ ತಂದು ನಿಲ್ಲಿಸಿದ್ರೆ ಸಾಕು, ಎಂಜಿನ್ ಮುಚ್ಚಳ ಎತ್ತೋ ಮುಂಚೇನೇ ತೀರ್ಪು ಬಂದುಬಿಡುತ್ತೆ: "ಪಂಪ್ ಹೋಗಿದೆ ಅಣ್ಣಾ, ಇಳಿಸ್ಬೇಕು." ಪಂಪ್ ಅಂದ್ರೆ ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸೋ ಇಂಜೆಕ್ಷನ್ ಪಂಪು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಲ್ಲ. ಫಿಲ್ಟರ್ ಬಿಚ್ಚಿರಲ್ಲ. ಆರು ಸಿಲಿಂಡರಲ್ಲಿ ಯಾವುದು ಕೆಲಸ ಮಾಡ್ತಿಲ್ಲ ಅಂತ ಹುಡುಕಿರಲ್ಲ. ಪಂಪ್ ಇಳಿಯುತ್ತೆ, ಪಂಪ್ ರೂಮಿಗೆ ಹೋಗುತ್ತೆ, ಆರು ಎಲಿಮೆಂಟು (ಪಂಪಿನೊಳಗೆ ಡೀಸೆಲ್ ಒತ್ತೋ ಭಾಗ), ಆರು ಡೆಲಿವರಿ ವಾಲ್ವು, ಆರು ನಾಝಲ್ಲು (ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ಮೂತಿ) ಹೊಸದು ಬೀಳುತ್ತೆ. ಎಲ್ಲಾ ಕೂರಿಸಿ ಸ್ಟಾರ್ಟ್ ಮಾಡಿದ್ರೆ ಅದೇ ಮಿಸ್ಸಿಂಗ್. ಆಗ ಹೇಳ್ತಾರೆ, "ಹಾಗಾದ್ರೆ ಹೆಡ್ ಇರ್ಬೇಕು." ಲಾರಿ ಮಾಲೀಕನ ದುಡ್ಡಲ್ಲಿ ಊಹೆ ಮಾಡ್ತಾ ಕೂರೋದಕ್ಕೆ ರಿಪೇರಿ ಅಂತ ಹೆಸರಿಟ್ಟಿದ್ದಾರೆ. ಒಂದೇ ಲಾರಿ ಇಟ್ಕೊಂಡು, ತಾನೇ ಓಡಿಸಿ ಮನೆ ನಡೆಸೋ ಮನುಷ್ಯನಿಗೆ ಆ ಬಿಲ್ಲಿನ ಜೊತೆ ಕೈತಪ್ಪಿದ ಲೋಡು, ಕಟ್ಟಬೇಕಾದ ಕಂತು ಎಲ್ಲಾ ಬಂದು ತಲೆ ಮೇಲೆ ಕೂರುತ್ತೆ.

ನಾನು ಹೇಳ್ತಿರೋದು ಟಾಟಾ 697 ಎಂಜಿನ್ನಿನಂಥ ಹಳೇ ಗಾಡಿಗಳ ವಿಚಾರ. ಬೆಂಜ್ ಒಎಂ 352 ವಂಶದ ಆರು ಸಿಲಿಂಡರ್, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್, ಪಕ್ಕದಲ್ಲಿ ಮೈಕೋ ಕಂಪನಿಯ, ಆರು ಎಲಿಮೆಂಟು ಸಾಲಾಗಿರೋ ಇನ್‌ಲೈನ್ ಪಂಪು. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಆದ್ರೂ "ಸ್ಕ್ಯಾನರ್ ಹಾಕಿ ನೋಡ್ತೀವಿ" ಅಂತ ದುಡ್ಡು ಕೇಳೋರಿದ್ದಾರೆ. ಎಲ್ಲಿಗೆ ಸಿಗಿಸ್ತಾರೆ ಸ್ವಾಮಿ ಅದನ್ನ? ಈ ಪಂಪು ಸುಮ್ಸುಮ್ನೆ ಕೆಡಲ್ಲ. ಶುದ್ಧ ಡೀಸೆಲ್ಲು, ಒಳ್ಳೇ ಆಯಿಲ್ಲು ಸಿಕ್ಕಿದ್ರೆ ಲಕ್ಷಗಟ್ಟಲೆ ಕಿಲೋಮೀಟರ್ ಬಾಳುತ್ತೆ. ಎಲಿಮೆಂಟಿನಲ್ಲಿ ಡೀಸೆಲ್ ಒತ್ತೋ ಪ್ಲಂಜರಿಗೂ ಅದು ಓಡಾಡೋ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಅದನ್ನ ಹಾಳು ಮಾಡೋದು ನೀರು, ಧೂಳು. ಎರಡೂ ಬರೋದು ಟ್ಯಾಂಕ್ ಕಡೆಯಿಂದ. ಹಾಗಿದ್ಮೇಲೆ ಹುಡುಕೋದು ಟ್ಯಾಂಕಿಂದ ಶುರುವಾಗ್ಬೇಕು ತಾನೇ?

ಮೊದಲು ಕಿವಿ ಕೊಟ್ಟು ಕೇಳಿ. ಒಂದೇ ಸಮನೆ, ಲೆಕ್ಕದ ಪ್ರಕಾರ ಒಂದೊಂದು ಏಟು ತಪ್ಪುತ್ತಿದ್ರೆ ಯಾವುದೋ ಒಂದು ಸಿಲಿಂಡರಿನ ತೊಂದರೆ. ಎಂಜಿನ್ ಪೂರ್ತಿ ಏರ್ತಾ ಇಳೀತಾ ಇದ್ರೆ, ಲೋಡಲ್ಲಿ ಶಿರಾಡಿ ಘಾಟಿ ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಗ್ತಿದ್ರೆ, ಬೆಳಿಗ್ಗೆ ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ಆಫ್ ಆಗ್ತಿದ್ರೆ, ಅದು ಡೀಸೆಲ್ ಸಾಲದೇ ಇರೋದು ಅಥವಾ ಏರ್ ಹಿಡಿದಿರೋದು. ಇಷ್ಟನ್ನ ಬೇರೆ ಮಾಡೋಕೆ ಒಂದು ಪೈಸೆ ಖರ್ಚಿಲ್ಲ. ಅದನ್ನೂ ಮಾಡಲ್ಲ ಅಂದ್ರೆ ಸಿಟ್ಟು ಬರಲ್ವಾ?

ಈ ಏರ್ ವಿಷಯ ಯಾಕೆ ಯಾರ ಕಣ್ಣಿಗೂ ಬೀಳಲ್ಲ ಅಂದ್ರೆ, ಟ್ಯಾಂಕಿಂದ ಫೀಡ್ ಪಂಪಿನವರೆಗಿನ (ಡೀಸೆಲ್ ಎಳೆದು ಇಂಜೆಕ್ಷನ್ ಪಂಪಿಗೆ ಕೊಡೋ ಚಿಕ್ಕ ಪಂಪು) ಲೈನಲ್ಲಿ ಒತ್ತಡ ಇರಲ್ಲ, ಎಳೆತ ಇರುತ್ತೆ. ಅಲ್ಲಿ ಹೋಸ್ ಬಿರುಕು ಬಿಟ್ರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಹೊರಗಿಂದ ಎಲ್ಲಾ ಒಣಗಿರುತ್ತೆ, "ಲೈನ್ ಚೆನ್ನಾಗಿದೆ" ಅಂತ ಸರ್ಟಿಫಿಕೇಟ್ ಸಿಗುತ್ತೆ. ಫೀಡ್ ಪಂಪಿನ ಮುಂಚೆ ಒಂದಡಿ ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಬರ್ತಾನೇ ಇದ್ರೆ ಉತ್ತರ ಅಲ್ಲೇ ಇದೆ.

ಅದಾದ್ಮೇಲೆ ಕ್ಯಾನ್ ಟೆಸ್ಟ್. ಐದು ಲೀಟರ್ ಶುದ್ಧ ಡೀಸೆಲ್ ಇರೋ ಕ್ಯಾನಿಂದ ನೇರವಾಗಿ ಫೀಡ್ ಪಂಪಿಗೆ ಹೋಸ್ ಕೊಡಿ, ರಿಟರ್ನ್ ಲೈನನ್ನೂ ಅದೇ ಕ್ಯಾನಿಗೆ ಬಿಡಿ. ಕ್ಯಾನನ್ನ ಎಂಜಿನ್ ಮೇಲೆ ನೇತುಹಾಕ್ಬೇಡಿ, ಟ್ಯಾಂಕಿನ ಎತ್ತರದಲ್ಲೇ ಇಡಿ. ಮೇಲಿಟ್ರೆ ಡೀಸೆಲ್ ತಾನಾಗೇ ಇಳಿದು ಬಂದು ಸೋತ ಫೀಡ್ ಪಂಪನ್ನೂ ಒಳ್ಳೇದು ಅಂತ ತೋರಿಸುತ್ತೆ. ಏರ್ ತೆಗೆದು ಓಡಿಸಿದಾಗ ಎಂಜಿನ್ ನಯವಾದ್ರೆ ತಪ್ಪು ಹಿಂದೆ ಇದೆ: ಟ್ಯಾಂಕಿನೊಳಗಿನ ಎಳೆಪೈಪಿನ ಜಾಲರಿ, ಬಿರುಕು ಬಿಟ್ಟ ಹೋಸು, ನೀರು ಬೇರ್ಪಡಿಸೋ ಬಟ್ಟಲಿನ ಗ್ಯಾಸ್ಕೆಟ್ಟು, ಪೈಪ್ ಸೇರಿಸೋ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ರು. ಟ್ಯಾಂಕ್ ಮುಚ್ಚಳದ ಗಾಳಿತೂತೂ ಕಟ್ಟಿಕೊಳ್ಳುತ್ತೆ. ಗಾಡಿ ಎಳೀದೇ ಇರೋವಾಗ ಮುಚ್ಚಳ ಸಡಿಲ ಮಾಡಿ, ಬುಸ್ ಅಂತ ಗಾಳಿ ಒಳಗೆ ನುಗ್ಗಿ ಪಿಕಪ್ ವಾಪಸ್ ಬಂದ್ರೆ ಅದೇ ಕಾರಣ. ಒಂದು ಮುಚ್ಚಳದ ತೂತಿಗೆ ಪಂಪ್ ಇಳಿಸಿದ್ರೆ ಹೊಟ್ಟೆ ಉರಿಯಲ್ವಾ?

ಕೈಯಲ್ಲಿ ಒತ್ತಿ ಡೀಸೆಲ್ ಎಳೆಯೋ ಗುಂಡಿ, ಅಂದ್ರೆ ಹ್ಯಾಂಡ್ ಪ್ರೈಮರ್ ಕೂಡ ಮಾತಾಡುತ್ತೆ, ಕೇಳೋರು ಬೇಕು. ಎಷ್ಟು ಹೊಡೆದ್ರೂ ಗಟ್ಟಿಯಾಗದಿದ್ರೆ ಏರ್ ಎಳೀತಿದೆ ಅಥವಾ ಫೀಡ್ ಪಂಪಿನ ವಾಲ್ವು ಕೂರ್ತಿಲ್ಲ. ಮೇಲೆತ್ತಿದ ಗುಂಡಿ ತಾನಾಗೇ ಕೆಳಗೆ ಎಳ್ಕೊಂಡ್ರೆ ಹಿಂದಿನ ಲೈನ್ ಕಟ್ಟಿದೆ. ಇದೆಲ್ಲಾ ಸರಿಯಿದ್ದೂ ಲೋಡಲ್ಲಿ ಸೋಲ್ತಿದ್ರೆ ಫಿಲ್ಟರಾದ ಮೇಲೆ ಗೇಜ್ ಹಾಕಿ. ಪಂಪಿನ ಗ್ಯಾಲರಿಯಲ್ಲಿ (ಒಳಗೆ ಡೀಸೆಲ್ ತುಂಬಿರೋ ಜಾಗ) ಸುಮಾರು 1ರಿಂದ 1.5 ಬಾರ್ ಬೇಕು. ಕಡಿಮೆಯಿದ್ರೆ ಫಿಲ್ಟರ್ ಕಟ್ಟಿರುತ್ತೆ, ಇಲ್ಲಾ ಹೆಚ್ಚಾದ ಡೀಸೆಲ್ ವಾಪಸ್ ಬಿಡೋ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತಿರುತ್ತೆ. ಎರಡು ಫಿಲ್ಟರ್ ಇರೋ ಕಡೆ ಡೀಸೆಲ್ ಮೊದಲು ಬಟ್ಟೆ ಫಿಲ್ಟರಿಗೆ, ಆಮೇಲೆ ಪೇಪರ್ ಫಿಲ್ಟರಿಗೆ ಹೋಗ್ಬೇಕು. ಹುಡುಗರು ಅದಲು ಬದಲು ಹಾಕ್ತಾರೆ, ಮೇಸ್ತ್ರಿ ನೋಡಲ್ಲ.

ಈಗ ಒಂದೇ ಸಿಲಿಂಡರಿನ ತೊಂದರೆಗೆ ಬರೋಣ. ಎಂಜಿನ್ ಬಿಸಿ ಮಾಡಿ, ಸ್ಲೋದಲ್ಲಿ ಬಿಟ್ಟು, ನಾಝಲ್ ಕಡೆಯ ಪೈಪ್ ನಟ್ಟನ್ನ ಒಂದೊಂದಾಗಿ ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಸಡಿಲ ಮಾಡಿದಾಗ ಎಂಜಿನ್ ಇನ್ನಷ್ಟು ಕುಸಿದ್ರೆ ಆ ಸಿಲಿಂಡರ್ ದುಡೀತಿದೆ. ಏನೂ ವ್ಯತ್ಯಾಸ ಆಗದಿದ್ರೆ ಕಳ್ಳ ಅದೇ. ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಕೈ ದೂರ ಇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೂಜಿಮೊನೆಯಷ್ಟೇ ಕಂಡ್ರೂ ತಕ್ಷಣ ಆಸ್ಪತ್ರೆಗೆ ಓಡ್ಬೇಕು, ಇಲ್ಲದಿದ್ರೆ ಬೆರಳೇ ಹೋಗಬಹುದು. ಕಾಮನ್ ರೈಲ್ (ಎಲ್ಲಾ ನಾಝಲ್ಲಿಗೂ ಒಂದೇ ಒತ್ತಡದ ಪೈಪಿಂದ ಡೀಸೆಲ್) ಇರೋ ಹೊಸ ಗಾಡಿಯಲ್ಲಿ ಈ ಕೆಲಸ ಯಾವತ್ತೂ ಮಾಡ್ಬೇಡಿ, ಅಲ್ಲಿ ಒತ್ತಡ 1000 ಬಾರ್ ದಾಟಬಹುದು.

ಸಿಲಿಂಡರ್ ಗೊತ್ತಾಯ್ತು. ಈಗ್ಲೂ ಪಂಪ್ ಮುಟ್ಬೇಡಿ. ಆ ನಾಝಲನ್ನ ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನ ಇಲ್ಲಿಗೆ ತನ್ನಿ. ಮಿಸ್ಸಿಂಗ್ ನಾಝಲ್ ಜೊತೆ ಹೋದ್ರೆ ಬೇಕಾಗಿರೋದು ಒಂದೇ ಒಂದು ನಾಝಲ್. ಅಲ್ಲೇ ಉಳಿದ್ರೆ ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವಿನ ಸಂದು) ನೋಡಿ, ಕಂಪ್ರೆಶನ್ ನೋಡಿ. ಎರಡೂ ಸರಿಯಿದ್ರೆ ಆಗ ಮಾತ್ರ ಆ ಸಾಲಿನ ಡೆಲಿವರಿ ವಾಲ್ವು, ಎಲಿಮೆಂಟಿನ ಮೇಲೆ ಅನುಮಾನ ಪಡಿ.

ನಾಝಲ್ ತೆಗೆದಾಗ ಮಾಡೋ ಅವಾಂತರ ಒಂದಿದೆ, ಅದನ್ನ ನೆನೆಸಿಕೊಂಡ್ರೇ ರಕ್ತ ಕುದಿಯುತ್ತೆ. ಕೆಳಗಿನ ತಾಮ್ರದ ವಾಷರ್ ಹೆಡ್ಡಿನೊಳಗೇ ಅಂಟಿಕೊಂಡು ಉಳಿದಿರುತ್ತೆ. ನೋಡದೇ ಅದರ ಮೇಲೆ ಇನ್ನೊಂದು ಹೊಸ ವಾಷರ್ ಇಟ್ಟು ಬಿಗೀತಾರೆ. ನಾಝಲ್ ತುದಿ ಮೇಲೆದ್ದು, ಡೀಸೆಲ್ ಬೀಳೋ ಜಾಗ ತಪ್ಪಿ, ಕಪ್ಪು ಹೊಗೆ ಶುರು. ದೂರು ಪಂಪಿನ ಮೇಲೆ! ಟಾರ್ಚ್ ಬಿಟ್ಟು ನೋಡಿ, ಹಳೇದನ್ನ ಕೊಕ್ಕೆಯಿಂದ ಕಿತ್ತು, ಸೀಟ್ ಒರೆಸಿ, ಸರಿಯಾದ ದಪ್ಪದ ಒಂದೇ ವಾಷರ್ ಹಾಕಿ. ನಾಝಲನ್ನ ಹ್ಯಾಂಡ್ ಟೆಸ್ಟರಿನಲ್ಲಿ ನಿಮ್ಮ ಕಣ್ಣೆದುರೇ ಹೊಡೆಸಿ. ಈ ತರದ ಎಂಜಿನ್ನಿಗೆ ತೆರೆಯೋ ಒತ್ತಡ ಸಾಮಾನ್ಯವಾಗಿ 200 ಬಾರ್ ಆಸುಪಾಸು, ಸರಿಯಾದ ಅಂಕಿ ಎಂಜಿನ್ ಪುಸ್ತಕದಲ್ಲಿರುತ್ತೆ. ಅದಕ್ಕಿಂತ 20 ಬಾರ್ ಕಡಿಮೆಯಲ್ಲಿ ಹಿಡಿದು ಹತ್ತು ಸೆಕೆಂಡ್ ನಿಲ್ಲಿಸಿದ್ರೆ ತುದಿಯಿಂದ ಹನಿ ಬೀಳಬಾರದು. ಪಾಸಾದ ನಾಝಲನ್ನ ಬದಲಾಯಿಸಿ ಅಂತ ಹೇಳೋಕೆ ಯಾರಿಗೂ ಹಕ್ಕಿಲ್ಲ.

ಪಂಪ್ ನಿಜವಾಗ್ಲೂ ಕೆಟ್ಟಿರುತ್ತೆ ಕೆಲವೊಮ್ಮೆ, ಇಲ್ಲ ಅನ್ನಲ್ಲ. ಎಂಜಿನ್ ಆಯಿಲ್ ಲೆವೆಲ್ ತಾನಾಗೇ ಏರಿ ಡೀಸೆಲ್ ವಾಸನೆ ಹೊಡೆದ್ರೆ ಎಲಿಮೆಂಟೋ ಫೀಡ್ ಪಂಪೋ ಒಳಗೆ ಸೋರ್ತಿದೆ. ರ‍್ಯಾಕ್ (ಡೀಸೆಲ್ ಹೆಚ್ಚು ಕಡಿಮೆ ಮಾಡೋ ಸರಳು) ಬಿಗಿಯಾಗಿದ್ರೆ ಆಕ್ಸಿಲೇಟರ್ ಬಿಟ್ಟ ಮೇಲೂ ಸ್ಪೀಡ್ ಇಳಿಯಲ್ಲ, ಅದು ಅಪಾಯ, ಗಾಡಿ ಅಲ್ಲೇ ನಿಲ್ಲಿಸಿ. ಹಾಗಿದ್ದಾಗ ಇಳಿಸಿ, ಆದ್ರೆ ನಿಯತ್ತಾಗಿ ಮಾಡಿ. ಪಂಪಿನ ಮೇಲೆ ತಗಡಿನ ಪಟ್ಟಿ ಇದೆ, ಪಿಇಎಸ್ 6ಎ 90 ಅಂತ ಶುರುವಾಗೋ ನಂಬರು: ಆರು ಸಿಲಿಂಡರ್, ಎ ಸೈಜು, 9 ಮಿ.ಮೀ. ಪ್ಲಂಜರ್. ಆ ಪೂರ್ತಿ ನಂಬರಿನ ಟೆಸ್ಟ್ ಪ್ಲಾನ್ ಪ್ರಕಾರ ಬೆಂಚಿನಲ್ಲಿ (ಪಂಪ್ ತಿರುಗಿಸಿ ಅಳೆಯೋ ಯಂತ್ರ) ಆರೂ ಸಾಲಿನ ಡೀಸೆಲ್ ಅಳೀಬೇಕು. "ನಮಗೆ ಅಂದಾಜು ಗೊತ್ತು" ಅನ್ನೋರ ಕೈಗೆ ಪಂಪ್ ಕೊಡ್ಬೇಡಿ. ಡೆಲಿವರಿ ವಾಲ್ವ್ ಹೋಲ್ಡರನ್ನ ಟಾರ್ಕ್ ರೆಂಚ್ ಇಲ್ಲದೆ ಬಿಗಿದ್ರೆ ಬ್ಯಾರಲ್ ಸೊಟ್ಟಗಾಗಿ ಹೊಸ ಎಲಿಮೆಂಟೇ ಹಿಡ್ಕೊಳ್ಳುತ್ತೆ.

ಇನ್ನು ಸೀಲ್ ಕಿತ್ತು ಫುಲ್ ಲೋಡ್ ಸ್ಕ್ರೂ ತಿರುಗಿಸಿ "ಪಿಕಪ್ ಮಾಡ್ಕೊಟ್ಟೆ" ಅನ್ನೋರು. ಏರ್ ಫಿಲ್ಟರ್ ಕಟ್ಟಿ ಸೋತ ಎಂಜಿನ್ನಿಗೆ ಡೀಸೆಲ್ ಜಾಸ್ತಿ ಬಿಟ್ರೆ ಬರೋದು ಶಕ್ತಿ ಅಲ್ಲ, ಹೊಗೆ. ಬಿಎಸ್-4 ಮಾಲಿನ್ಯ ನಿಯಮಕ್ಕಿಂತ ಹಳೇ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ 65 ಎಚ್‌ಎಸ್‌ಯು, ಅದೂ ಪಾಸಾಗಲ್ಲ. ಮೈಲೇಜು ಹೋಗುತ್ತೆ, ಕೊನೆಗೆ ಪಿಸ್ಟನ್ ಕೂಡ ಹೋಗುತ್ತೆ.

ವಾಪಸ್ ಕೂರಿಸುವಾಗ ಟೈಮಿಂಗ್, ಅಂದ್ರೆ ಡೀಸೆಲ್ ಬೀಳೋ ಹೊತ್ತು. ಬಿಚ್ಚೋ ಮುಂಚೆ ಫ್ಲ್ಯಾಂಜಿನ ಮೇಲೆ ಗೆರೆ ಹಾಕದೇ ಇಳಿಸಿದೋನು ಮೆಕ್ಯಾನಿಕ್ಕೇ ಅಲ್ಲ. ಫ್ಲೈವೀಲ್ ಗುರುತು ಸೇರಿದ ಮಾತ್ರಕ್ಕೆ ಒಂದನೇ ಸಿಲಿಂಡರ್ ಕಂಪ್ರೆಶನ್ನಿಗೆ ಬಂತು ಅಂತಲ್ಲ, ಆರನೆಯದೂ ಅದೇ ಗುರುತಿಗೆ ಬರುತ್ತೆ. ಒಂದನೆಯದರ ವಾಲ್ವ್ ಒತ್ತೋ ಎರಡೂ ರಾಕರ್ ಸಡಿಲ ಇದ್ಯಾ ಕೈಯಲ್ಲಾಡಿಸಿ ನೋಡಿ. ಪೈಪುಗಳನ್ನ ಪಂಪಿನ ಒಂದನೇ ಸಾಲಿಂದ ಒಂದನೇ ಸಿಲಿಂಡರಿಗೆ, ಎರಡನೆಯದರಿಂದ ಎರಡನೆಯದಕ್ಕೆ, ಹೀಗೆ ನೇರವಾಗೇ ಕೊಡಿ; 1-5-3-6-2-4 ಅನ್ನೋ ಫೈರಿಂಗ್ ಸಾಲು ಪಂಪಿನ ಕ್ಯಾಮಿನಲ್ಲೇ ಇರುತ್ತೆ. ಪೈಪಿನ ಕ್ಲಾಂಪ್ ಒಂದನ್ನೂ ಬಿಡಬೇಡಿ, ಬಿಟ್ರೆ ನಡುಕಕ್ಕೆ ಪೈಪ್ ಸೀಳುತ್ತೆ.

ಮಾಲೀಕರೇ, ಬಿಲ್ ಕೊಡೋ ಮುಂಚೆ ಬೆಂಚಿನ ರಿಪೋರ್ಟ್ ಕೇಳಿ, ರಿಪೇರಿಗೆ ಮೊದಲಿನ ಅಳತೆ, ರಿಪೇರಿ ಆದ್ಮೇಲಿನ ಅಳತೆ ಎರಡೂ. ತೆಗೆದ ಎಲಿಮೆಂಟು, ನಾಝಲ್ಲು, ವಾಲ್ವು ಎಲ್ಲಾ ವಾಪಸ್ ಕೇಳಿ. ಹಳೇ ಪಾರ್ಟು ಕೈಗೆ ಬರದಿದ್ರೆ ಹೊಸ ಪಾರ್ಟಿನ ದುಡ್ಡು ಕೊಡ್ಬೇಡಿ.