ಗೀತು ಆಡಿದ ಮೂರು ವರ್ಷ, ನಮ್ಮೂರಿನ ಗಲ್ಫ್ ಲೆಕ್ಕ

ನನ್ನ ತಂಗಿಯ ಮಗಳು ಈಗ ಪ್ಲಸ್ ಒನ್. ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಒಳ್ಳೆ ಎತ್ತರ ಇದ್ದಾಳೆ, ಬ್ಯಾಸ್ಕೆಟ್‌ಬಾಲ್ ಸಿಕ್ಕಿದರೆ ಊಟ ಮರೆಯುತ್ತಾಳೆ. ಹೋದ ತಿಂಗಳು ಮನೆಗೆ ಹೋದಾಗ ತಂಗಿ ಕೇಳಿದಳು, "ಅಣ್ಣ, ಈ ಆಟ ಹಿಡಿದುಕೊಂಡು ಇವಳು ಎಲ್ಲಿಗೆ ಮುಟ್ಟಬಹುದು?"

ನಾನು ಗೀತು ಅನ್ನಾ ಜೋಸ್ ಅವರ ಕಥೆ ಹೇಳಿದೆ. ಕೊಟ್ಟಾಯಂ ಕಡೆಯವರು. ಇಲ್ಲಿಂದ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಅವರ ಊರು. ಮೊದಲು ವಾಲಿಬಾಲ್ ಆಡುತ್ತಿದ್ದವರು ಆಮೇಲೆ ಬ್ಯಾಸ್ಕೆಟ್‌ಬಾಲ್‌ಗೆ ಬಂದರು. ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಆಡಿದರು, ಸದರ್ನ್ ರೈಲ್ವೆ ಪರ ಆಡಿದರು, ಭಾರತ ತಂಡದ ನಾಯಕಿಯೂ ಆದರು. 2006ರಿಂದ 2008ರವರೆಗೆ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿನಲ್ಲಿ ಆಡಿದರು. ಆಸ್ಟ್ರೇಲಿಯಾದಲ್ಲಿ ವೃತ್ತಿಪರವಾಗಿ ಆಡಿದ ಮೊದಲ ಭಾರತೀಯ ಮಹಿಳೆ ಅವರೇ. 2011ರಲ್ಲಿ ಅಮೆರಿಕದ ಹೆಂಗಸರ ಡಬ್ಲ್ಯುಎನ್‌ಬಿಎ ಲೀಗಿನ ಮೂರು ತಂಡಗಳು ಅವರನ್ನು ಟ್ರಯಲ್ಸ್‌ಗೆ ಕರೆದವು: ಷಿಕಾಗೊ ಸ್ಕೈ, ಲಾಸ್ ಏಂಜಲೀಸ್ ಸ್ಪಾರ್ಕ್ಸ್, ಸ್ಯಾನ್ ಆಂಟೊನಿಯೊ ಸಿಲ್ವರ್ ಸ್ಟಾರ್ಸ್. ಆದರೆ ಯಾವ ತಂಡಕ್ಕೂ ಆಯ್ಕೆಯಾಗಲಿಲ್ಲ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಎಲ್ಲ ಕೇಳಿ ತಂಗಿ ಅಂದದ್ದು ಒಂದೇ ಮಾತು: "ಅಮೆರಿಕದಲ್ಲಿ ಸಿಗಲಿಲ್ಲ ಅಲ್ವಾ?"

ಈ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವಳ ಗಂಡ 11 ವರ್ಷ ಶಾರ್ಜಾದಲ್ಲಿದ್ದವರು. ಎರಡೆರಡು ವರ್ಷದ ವೀಸಾ, ಕಂಪನಿ ರೂಮು, ರಜೆಗೆ ಟಿಕೆಟು. ದುಡಿದರು, ಮನೆ ಕಟ್ಟಿದರು, ವೀಸಾ ಕ್ಯಾನ್ಸಲ್ ಮಾಡಿ ಬಂದರು. ಅವರನ್ನು ಯಾರೂ "ಅಲ್ಲೇ ಉಳಿಯಲಿಲ್ಲವಾ, ದೊಡ್ಡ ಸಾಹೇಬರಾಗಲಿಲ್ಲವಾ" ಅಂತ ಕೇಳಲಿಲ್ಲ. ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಬೀದಿಗೆ ಒಂದಾದರೂ ಇಂಥ ಮನೆ ಇದೆ. ಹೋಗುವುದು, ದುಡಿಯುವುದು, ಬರುವುದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಆಟ ಅಂದ ಕೂಡಲೇ ಮಾತ್ರ ಅಳತೆ ಬದಲಾಗುತ್ತದೆ.

ಹೊರದೇಶದ ಬ್ಯಾಸ್ಕೆಟ್‌ಬಾಲ್ ಹೆಚ್ಚುಕಡಿಮೆ ಗಲ್ಫ್ ಕೆಲಸದ ಹಾಗೆಯೇ ಇರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಮೇಲಿನ ದರ್ಜೆಯ ತಂಡಗಳೇ 350ಕ್ಕಿಂತ ಜಾಸ್ತಿ. ಗಂಡಸರ ಎನ್‌ಬಿಎ ಲೀಗಿನಲ್ಲಿ ಇರುವುದು 30 ತಂಡ, ವರ್ಷಕ್ಕೆ ಆಯ್ಕೆಯಾಗುವವರು ಸುಮಾರು 60 ಜನ. ಹೆಂಗಸರ ಲೀಗು ಇನ್ನೂ ಚಿಕ್ಕದು. ಕಾಲೇಜು ಮುಗಿದ ಮೇಲೂ ಆಡಬೇಕು ಅನ್ನುವ ಉಳಿದವರು ಟರ್ಕಿ, ಗ್ರೀಸ್, ಜಪಾನ್, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾಗಳ ಕಡೆ ನೋಡುತ್ತಾರೆ. ಏಜೆಂಟ್ ಮೂಲಕ ಒಂದು ಸೀಸನ್ನಿನ ಕಾಂಟ್ರಾಕ್ಟು. ಸಾಮಾನ್ಯವಾಗಿ ಮನೆಯನ್ನೂ ವಿಮಾನದ ಟಿಕೆಟನ್ನೂ ಕ್ಲಬ್ಬು ಕೊಡುತ್ತದೆ. ಒಂದು ತಂಡದಲ್ಲಿ ಇಷ್ಟೇ ವಿದೇಶಿಯರು ಅಂತ ಮಿತಿ ಇರುತ್ತದೆ. ಸ್ವಂತ ದೇಶದ ಫೆಡರೇಷನ್ ಒಪ್ಪಿಗೆ ಪತ್ರ ಕೊಡದೆ ಆಡುವ ಹಾಗಿಲ್ಲ. ಸಂಬಳ ಕೊಡದೆ ಸತಾಯಿಸುವ ಕ್ಲಬ್ಬುಗಳೂ ಇವೆ. ಅಂಥ ಜಗಳ ತೀರಿಸಲಿಕ್ಕೆ ಅಂತಲೇ ಬ್ಯಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಜಿನೀವಾದಲ್ಲಿ ಒಂದು ನ್ಯಾಯಮಂಡಳಿ ಮಾಡಿದೆ. ಇದನ್ನು ಹೇಳಿದಾಗ ಭಾವ ತಲೆದೂಗಿದರು. ಅವರ ಮೊದಲ ಕಂಪನಿ ನಾಲ್ಕು ತಿಂಗಳ ಸಂಬಳ ಕೊಟ್ಟಿರಲಿಲ್ಲ.

ಗೀತು ಅವರು ಆಡಿದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಲೀಗಿನಲ್ಲಲ್ಲ, ವಿಕ್ಟೋರಿಯಾ ರಾಜ್ಯದ ಬಿಗ್ ವಿ ಲೀಗಿನಲ್ಲಿ. ಮೆಲ್ಬರ್ನಿನ ಪೂರ್ವದ ಒಂದು ಬಡಾವಣೆಯ ಕ್ಲಬ್ಬು ಅದು. ನನಗೆ ಅವರ ಜೀವನದಲ್ಲಿ ದೊಡ್ಡದಾಗಿ ಕಾಣುವುದು ಆ ಮೂರು ಸೀಸನ್ನುಗಳೇ. ಅಮೆರಿಕದ ಟ್ರಯಲ್ಸ್ ಆಮೇಲಿನದು. ಗೊತ್ತಿಲ್ಲದ ಊರಿನಲ್ಲಿ, ತನ್ನಷ್ಟೇ ಎತ್ತರದವರ ಎದುರು, ಮತ್ತೆ ಮತ್ತೆ ಕರೆಸಿಕೊಳ್ಳುವ ಹಾಗೆ ಆಡುವುದು ಸುಮ್ನೆ ಆಗುವ ಕೆಲಸವಾ?

ಈಗ ನಮ್ಮ ಹುಡುಗಿಯ ವಿಷಯ. ಅವಳ ಮುಂದೆ ಎರಡು ದಾರಿ ಇವೆ, ಎರಡೂ ಬೇರೆ ಬೇರೆ ರೀತಿಯವು.

ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿ, ನಮ್ಮ ಕರಾವಳಿಯಲ್ಲಿ, ಆಟಗಾರರನ್ನು ಸಾಕುವುದು ಹೆಚ್ಚಾಗಿ ಖಾಸಗಿ ಕಾಲೇಜುಗಳು. ಮೂಡುಬಿದಿರೆಯ ಆಳ್ವಾಸ್ ಕ್ರೀಡಾ ದತ್ತು ಯೋಜನೆಯಲ್ಲಿ ಮಕ್ಕಳಿಗೆ ಓದು, ಊಟ, ಹಾಸ್ಟೆಲ್ ಎಲ್ಲ ಉಚಿತವಾಗಿ ಕೊಡುತ್ತದೆ. ಕನ್ನಡ ತುಳು ಮಾತಾಡಿಕೊಂಡು ಮನೆಯ ಹಾಗೇ ಇರಬಹುದು. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿದ್ದಾರೆ, ಅದೂ ದೊಡ್ಡ ಮಾತು. ಆದರೆ ಡಿಗ್ರಿ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆಗೆ ನಮ್ಮ ಕಡೆಯ ತಂದೆತಾಯಿಗೆ ಆ ಬದಿಯಲ್ಲಿ ಉತ್ತರ ಕಾಣುವುದಿಲ್ಲ.

ತೆಂಕಣ ಕೇರಳದ ಮನೆಗಳಲ್ಲಿ ಆ ಉತ್ತರ ಮೊದಲೇ ಇರುತ್ತದೆ. ಸ್ಪೋರ್ಟ್ಸ್ ಕೌನ್ಸಿಲಿನ ಹಾಸ್ಟೆಲ್, ಆಟಕ್ಕೆ ಪರೀಕ್ಷೆಯಲ್ಲಿ ಸಿಗುವ ಗ್ರೇಸ್ ಮಾರ್ಕ್, ಸ್ಪೋರ್ಟ್ಸ್ ಕೋಟಾದ ಸೀಟು, ಆಮೇಲೆ ರೈಲ್ವೆ, ವಿದ್ಯುತ್ ಬೋರ್ಡು ಅಥವಾ ಪೊಲೀಸ್ ತಂಡದಲ್ಲಿ ಕೆಲಸ. ಈ ದಾರಿ ಕಾಸರಗೋಡಿನ ಮಕ್ಕಳಿಗೂ ಸೇರಿದ್ದು. ಆದರೆ ನಮ್ಮ ಕನ್ನಡ ಮಕ್ಕಳಿಗೆ ಅದು ಮುಟ್ಟುವುದೇ ಇಲ್ಲ. ಎರಡು ವರ್ಷದ ಹಿಂದೆ ಹಾಸ್ಟೆಲ್ ಸೆಲೆಕ್ಷನ್ನಿನ ಸುತ್ತೋಲೆ ಬಂದದ್ದು ಮಲಯಾಳದಲ್ಲಿ ಮಾತ್ರ. ತಂಗಿಗೆ ಓದಲಿಕ್ಕೆ ಬರುವುದಿಲ್ಲ. ಶಾಲೆಯಲ್ಲೂ ಯಾರೂ ಕರೆದು ಹೇಳಲಿಲ್ಲ. ಗೊತ್ತಾಗುವಾಗ ಟ್ರಯಲ್ಸ್ ಮುಗಿದು ಐದು ದಿನ ಆಗಿತ್ತು. ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ತಿಳಿಸಬೇಕು ಅಂತ ಸರ್ಕಾರಿ ಆದೇಶಗಳಿವೆ. ನಾವು ಅದಕ್ಕಾಗಿ ಹೋರಾಡುವಾಗ ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ, ಪಾಠಪುಸ್ತಕ, ಅಧ್ಯಾಪಕರ ನೇಮಕ ಅಂತ ಹೇಳುತ್ತೇವೆ. ಆಟದ ಸುತ್ತೋಲೆಯನ್ನೂ ಆ ಪಟ್ಟಿಗೆ ಸೇರಿಸಬೇಕು.

ಕೇರಳದ ರೀತಿಯಲ್ಲೂ ನನಗೆ ಒಂದು ಕೊರತೆ ಕಾಣುತ್ತದೆ. ಕೆಲಸ ಸಿಕ್ಕಿತು ಅಂದರೆ ಮನೆಯವರಿಗೆ ಆಟದ ಲೆಕ್ಕ ಮುಗಿಯಿತು. 22 ವರ್ಷಕ್ಕೆ ಆಟಗಾರ್ತಿ ಇನ್ನೂ ಬೆಳೆಯುತ್ತಾ ಇರುತ್ತಾಳೆ. ಆಗಲೇ ಹೊರಗೆ ಹೋಗಿ ಎರಡು ಮೂರು ಸೀಸನ್ ಆಡಿ ಬರಬೇಕು. ಕೆಲಸ ಬಿಡಬೇಕಾಗಿಲ್ಲ. ಇಲ್ಲಿನ ಸರ್ಕಾರಿ ನೌಕರರು ಸಂಬಳವಿಲ್ಲದ ರಜೆ ಹಾಕಿ ಗಲ್ಫಿಗೆ ಹೋಗುವುದು ಹಳೇ ರೂಢಿ. ಮೊದಲು ಈ ರಜೆ 20 ವರ್ಷದವರೆಗೂ ಸಿಗುತ್ತಿತ್ತು, ಈಗ 5 ವರ್ಷಕ್ಕೆ ಇಳಿಸಿದ್ದಾರೆ. ನರ್ಸುಗಳಿಗೆ, ಅಧ್ಯಾಪಕರಿಗೆ ಸರಿ ಅನಿಸಿದ್ದು ಆಟಗಾರ್ತಿಗೂ ಸರಿ ಅನಿಸಬೇಕು. ಅವಳಿಗೆ 5 ವರ್ಷ ಧಾರಾಳ ಆಯಿತು.

ಮೊನ್ನೆ ಭಾನುವಾರ ಪಕ್ಕದ ಮನೆಯ ಮಲಯಾಳಂ ಟೀಚರನ್ನು ಕೂರಿಸಿಕೊಂಡು ಈ ಸಲದ ಹಾಸ್ಟೆಲ್ ಅರ್ಜಿಯನ್ನು ಸಾಲು ಸಾಲಾಗಿ ಓದಿಸಿದೆವು. ಹುಡುಗಿ ಕನ್ನಡದಲ್ಲಿ ಬರೆದುಕೊಂಡಳು, ತಂಗಿ ಸಹಿ ಹಾಕಿದಳು. ಆಮೇಲೆ ಹುಡುಗಿ ನನ್ನ ಮೊಬೈಲ್ ಕೇಳಿ ತೆಗೆದುಕೊಂಡು ಮ್ಯಾಪಿನಲ್ಲಿ ರಿಂಗ್‌ವುಡ್ ಹುಡುಕಿದಳು. "ಮಾವ, ಇಲ್ಲಿಗೂ ರೈಲಿದೆ" ಅಂದಳು.